ಪುರಾವೆ ಕೇಳುವ ಕುರ್ಚಿ

ಕಂಪ್ಯೂಟರ್ ಪರದೆಯ ಮೇಲೆ ಹಸಿರು ಬಣ್ಣ ಕಂಡರೆ ನನಗೆ ಖುಷಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೋಧನಾ ಆಸ್ಪತ್ರೆಯೊಂದರ ನರ್ಸಿಂಗ್ ಸೂಪರಿಂಟೆಂಡೆಂಟ್ ನಾನು. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೆ ಎದುರಿನ ಪರದೆಯಲ್ಲಿ ವಾರ್ಡಿಗೊಂದರಂತೆ ಚೌಕಗಳು. ಬೆಡ್‌ಸೋರ್ ಅಪಾಯದ ಅಂಕ ಬರೆದಾಗಿದೆಯೇ, ರೋಗಿಯ ಮಗ್ಗುಲು ಬದಲಿಸಿದ್ದು ದಾಖಲಾಗಿದೆಯೇ, ವೆನ್‌ಫ್ಲಾನ್ (ರಕ್ತನಾಳಕ್ಕೆ ಚುಚ್ಚುವ ಕ್ಯಾನುಲಾ) ಹಾಕಿ ಎಷ್ಟು ಗಂಟೆಯಾಯಿತು, ರಾತ್ರಿ ಯಾರಾದರೂ ಮಂಚದಿಂದ ಬಿದ್ದರೇ, ನರ್ಸುಗಳು ಟ್ಯಾಬಿನಲ್ಲಿ ತುಂಬಿದ್ದೆಲ್ಲವೂ ಅಲ್ಲಿದೆ. ಎಲ್ಲ ಸರಿಯಿದ್ದರೆ ಚೌಕ ಹಸಿರು, ಸ್ವಲ್ಪ ತಪ್ಪಿದ್ದರೆ ಹಳದಿ, ಕೈಮೀರಿದ್ದರೆ ಕೆಂಪು. ಪೂರ್ತಿ ಹಸಿರಾಗಿರುವ ದಿನ ನನ್ನ ಕಾಫಿಗೆ ರುಚಿ ಹೆಚ್ಚು. ಅಂಥ ದಿನ ವಾರ್ಡುಗಳ ರೌಂಡ್ಸನ್ನು ಮಧ್ಯಾಹ್ನಕ್ಕೆ ತಳ್ಳುತ್ತೇನೆ. ಮಧ್ಯಾಹ್ನ ಯಾವುದಾದರೂ ಮೀಟಿಂಗ್ ಬಂದರೆ ನಾಳೆಗೆ.

ಈ ವ್ಯವಸ್ಥೆಯನ್ನು ನಮ್ಮ ಆಸ್ಪತ್ರೆ ಮತ್ತು ರಸ್ತೆಯ ಆಚೆ ಬದಿಗಿರುವ, ನಮ್ಮದೇ ಟ್ರಸ್ಟಿನ ನರ್ಸಿಂಗ್ ಕಾಲೇಜು ಸೇರಿ ರೂಪಿಸಿದವು. ಒಡಂಬಡಿಕೆಯ ಕಡತದಲ್ಲಿ ‘ಎವಿಡೆನ್ಸ್ ಬೇಸ್ಡ್ ನರ್ಸಿಂಗ್’ ಎಂಬ ಮಾತು ಹೆಚ್ಚುಕಡಿಮೆ ಪುಟಕ್ಕೊಮ್ಮೆ ಬರುತ್ತದೆ. ಬರೆದವಳು ನಾನೇ. ಆ ಬದಿಯಲ್ಲಿ ಬಹಳ ವರ್ಷ ಪಾಠ ಹೇಳಿ ಆಮೇಲೆ ಈ ಬದಿಗೆ ಬಂದವಳಾದ್ದರಿಂದ ಟ್ರಸ್ಟಿನವರಿಗೆ ಯಾವ ಮಾತು ಹಿಡಿಸುತ್ತದೆ, ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ತಪಾಸಣೆಯವರಿಗೆ ಯಾವುದು ಬೇಕು, ಪ್ರೊಫೆಸರುಗಳಿಗೆ ಯಾವುದು ಎಂಬುದು ಗೊತ್ತಿತ್ತು. ಕಡತ ಚೆನ್ನಾಗಿ ಬಂತು.

ಆ ದೊಡ್ಡ ಮಾತಿನ ಒಳಗಿರುವ ವಿಚಾರ ಮಾತ್ರ ಸರಳ. ರೋಗಿಗೆ ನಾವು ಮಾಡುವ ಯಾವ ಕೆಲಸವನ್ನೇ ಹಿಡಿದು ‘ಹೀಗೇ ಯಾಕೆ?’ ಎಂದು ಯಾರಾದರೂ ಕೇಳಿದರೆ ಕೊಡಲು ಉತ್ತರ ಇರಬೇಕು. ‘ನಮ್ಮ ಸೀನಿಯರ್ ಸಿಸ್ಟರ್ ಹೀಗೇ ಮಾಡ್ತಿದ್ರು’ ಎಂದರೆ ಸಾಲದು. ನೆಟ್ಟಗೆ ನಡೆದ ಸಂಶೋಧನೆ ಏನು ಹೇಳುತ್ತದೆ, ಎದುರಿಗೆ ಮಲಗಿರುವ ಮನುಷ್ಯನಿಗೆ ಏನು ಬೇಕು, ನರ್ಸಿನ ಕೈಯ ಅನುಭವ ಏನನ್ನುತ್ತದೆ, ಮೂರನ್ನೂ ಕೂಡಿಸಿ ತೀರ್ಮಾನಿಸಬೇಕು. ಇದನ್ನು ತರಗತಿಯಲ್ಲಿ ಬಾಯಿಪಾಠವಾಗುವಷ್ಟು ಹೇಳಿದ್ದೇನೆ. ಹೇಳುವಾಗ ಆ ‘ಯಾಕೆ’ ನರ್ಸಿನಿಂದ ಹೊರಟು ಕೆಲಸದ ಕಡೆಗೆ ಹೋಗುತ್ತದೆ ಎಂದುಕೊಂಡಿದ್ದೆ. ಕುರ್ಚಿಗೆ ಬಂದ ಮೇಲೆ ಅದು ನನ್ನ ಕೋಣೆಯಿಂದ ಹೊರಟು ನರ್ಸಿನ ಕಡೆಗೆ ಹೋಗತೊಡಗಿತು. ಯಾಕೆ ಬರೆದಿಲ್ಲ? ಯಾಕೆ ತಡ? ಯಾಕೆ ಹಳದಿ? ದಿಕ್ಕು ಬದಲಾದದ್ದು ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಬೆಡ್‌ಸೋರ್ ದಾಖಲೆಗಳ ಮೂಲಕ. ಮೆಡಿಕಲ್ ವಾರ್ಡಿನಲ್ಲಿ ಸ್ಟ್ರೋಕ್ ಆಗಿ ಮಲಗಿದ್ದ ಒಬ್ಬರನ್ನು ರಾತ್ರಿ 10ಕ್ಕೆ ಎಡಕ್ಕೆ, 12ಕ್ಕೆ ಬಲಕ್ಕೆ, 2ಕ್ಕೆ ಅಂಗಾತ, 4ಕ್ಕೆ ಮತ್ತೆ ಎಡಕ್ಕೆ ಮಲಗಿಸಿದ್ದಾಗಿ ದಾಖಲಾಗಿತ್ತು. ಬಹಳ ಅಚ್ಚುಕಟ್ಟು. ಆದರೆ ಯಂತ್ರ ಇನ್ನೊಂದು ಸಮಯವನ್ನೂ ತನ್ನ ಬಳಿ ಇಟ್ಟುಕೊಂಡಿರುತ್ತದೆ, ಬೆರಳು ನಿಜವಾಗಿ ಗುಂಡಿ ಒತ್ತಿದ ಸಮಯ. ನಾಲ್ಕೂ ನಮೂದುಗಳಿಗೆ ಅದು ಒಂದೇ, ಬೆಳಿಗ್ಗೆ ಆರು ದಾಟಿದ ಮೇಲೆ. ಬೇರೆ ವಾರ್ಡುಗಳನ್ನು ತೆಗೆದು ನೋಡಿದೆ. ಅಲ್ಲಿಯೂ ಅದೇ ಕಥೆ.

ಆ ಹೊತ್ತಿಗೆ ನನಗಾದದ್ದು ಏನು ಎಂದು ನೆನಪಿಸಿಕೊಳ್ಳುತ್ತೇನೆ. ಆ ರೋಗಿಯ ಬೆನ್ನು ಹೇಗಿದೆಯೋ ಎಂಬ ಕಳವಳ ಮೊದಲು ಬರಬೇಕಿತ್ತು. ಮೊದಲು ಬಂದದ್ದು ಪತ್ತೆ ಹಚ್ಚಿದ ಸಂತೋಷ. ಕಾಗದದ ಕಾಲದಲ್ಲಿ ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟುಗಳ ಮೇಲೆ ಒಂದೇ ಪೆನ್ನಿನ, ಒಂದೇ ಒತ್ತಿನ ಅಂಕಿಗಳು ರಾತ್ರಿಯಿಡೀ ಸಾಲಾಗಿ ನಿಂತಿರುವುದನ್ನು ನೋಡದ ನರ್ಸ್ ಇಲ್ಲ, ಹಾಗೆ ಬರೆಯದ ನರ್ಸೂ ಇಲ್ಲವೆನ್ನಬೇಕು. ಆಗ ಅದಕ್ಕೆ ಸಾಕ್ಷಿಯಿರಲಿಲ್ಲ. ಈಗ ನನ್ನ ಪರದೆಯಲ್ಲಿತ್ತು. ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಕರೆಸಿದೆ. ಅವರು ಪ್ರಿಂಟನ್ನು ನೋಡಿ, ಕನ್ನಡಕ ತೆಗೆದು, “ಹೊರಳಿಸಿದ್ದು ನಿಜ ಮೇಡಂ. ಬರೆಯೋಕೆ ಬಿಡುವಾಗಿದ್ದು ಆರು ಗಂಟೆಗೆ. ಇಬ್ಬರೇ ಇದ್ರು. ಒಂದು ಕಾರ್ಡಿಯಾಕ್ ಅರೆಸ್ಟ್ ಆಯ್ತು, ಎರಡು ಅಡ್ಮಿಷನ್ ಬಂತು. ರೋಗೀನ ಹಿಡ್ಕೊಂಡಿರೋ ಕೈಯಲ್ಲಿ ಟ್ಯಾಬ್ ಹಿಡಿಯೋದು ಹೇಗೆ?” ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಮೊ ಇತ್ತು.

ಆ ಮೆಮೊ ಕರಡನ್ನು ಬರೆಯಲು ಕೂತಾಗ, ನಿಯಮವನ್ನು ಉಲ್ಲೇಖಿಸೋಣ ಎಂದು ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸತಕ್ಕದ್ದು’ ಎಂಬುದರ ಮೂಲವನ್ನು ಹುಡುಕಿದೆ. ಅಲ್ಲಿಂದ ಕೆಲಸ ಕೆಟ್ಟಿತು.

ನಾನು ವಿದ್ಯಾರ್ಥಿನಿಯಾಗಿದ್ದಾಗ ಬ್ಯಾಕ್ ಕೇರ್ ಎಂದರೆ ಸ್ಪಿರಿಟ್ ಮತ್ತು ಪೌಡರ್. ಮಲಗಿದ ರೋಗಿಯನ್ನು ಮಗ್ಗುಲಾಗಿಸಿ, ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕಬೇಕು, ಮೇಲೆ ಪೌಡರ್ ಉದುರಿಸಬೇಕು. ಚೆನ್ನಾಗಿ ತಿಕ್ಕಿದವಳಿಗೆ ಮಾರ್ಕು. ಹಿಮ್ಮಡಿಯ ಕೆಳಗೆ ನೀರು ತುಂಬಿ ಗಂಟು ಹಾಕಿದ ಗ್ಲೌಸು. ಬುಡಕ್ಕೆ ಗಾಳಿಯ ರಿಂಗು. ನಮ್ಮ ವಾರ್ಡುಗಳ ಈ ಜಾಣ್ಮೆಯ ಬಗ್ಗೆ ಹೆಮ್ಮೆಯೂ ಇತ್ತು, ಯಾಕೆಂದರೆ ಖರ್ಚಿಲ್ಲದ ಉಪಾಯಗಳು ಅವು. ಈಗ ಬೆಡ್‌ಸೋರ್ ತಡೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ತೆಗೆದರೆ ತಿಕ್ಕುವುದು, ರಿಂಗು, ಗ್ಲೌಸು ಮೂರೂ ‘ಬೇಡ’ದ ಪಟ್ಟಿಯಲ್ಲಿವೆ. ಕೆಂಪಾದ ಚರ್ಮದ ಕೆಳಗೆ ಆಗಲೇ ಸಣ್ಣ ರಕ್ತನಾಳಗಳು ಜಖಂ ಆಗಿರಬಹುದು, ತಿಕ್ಕಿದರೆ ಅಂಗಾಂಶ ಇನ್ನಷ್ಟು ಹರಿಯಬಹುದು. ರಿಂಗು ಒತ್ತಡವನ್ನು ತೆಗೆಯುವುದಿಲ್ಲ, ಅಂಚಿಗೆ ಸರಿಸುತ್ತದೆ. ನೀರು ತುಂಬಿದ ಗ್ಲೌಸೂ ಹಿಮ್ಮಡಿಯನ್ನು ಕಾಪಾಡುವುದಿಲ್ಲ. ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. 1962ರಲ್ಲೇ ಇಂಗ್ಲೆಂಡಿನ ಡೋರೀನ್ ನಾರ್ಟನ್ ಎಂಬ ನರ್ಸ್ ಮತ್ತು ಸಂಗಡಿಗರು ಆಸ್ಪತ್ರೆಯ ವೃದ್ಧ ರೋಗಿಗಳನ್ನು ಕ್ರಮವಾಗಿ ಗಮನಿಸಿ, ಚರ್ಮಕ್ಕೆ ಏನು ಹಚ್ಚುತ್ತೀರಿ ಎಂಬುದಕ್ಕಿಂತ ಒತ್ತಡವನ್ನು ಹೇಗೆ ತಪ್ಪಿಸುತ್ತೀರಿ ಎಂಬುದೇ ಮುಖ್ಯ ಎಂದು ತೋರಿಸಿದ್ದರು. ಯಾರಿಗೆ ಹುಣ್ಣಾಗಬಹುದು ಎಂದು ಮೊದಲೇ ಅಂದಾಜು ಮಾಡುವ ಅಂಕಪಟ್ಟಿಯೂ ಅವರ ಹೆಸರಿನಲ್ಲೇ ಉಳಿಯಿತು. 1987ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಪ್ರಕಟಿಸಿದ ಬ್ರೇಡನ್ ಸ್ಕೇಲ್ ಈಗ ನಮ್ಮ ಟ್ಯಾಬಿನಲ್ಲಿದೆ. ಆರು ಅಂಶಗಳು, 6ರಿಂದ 23ರವರೆಗೆ ಅಂಕ, 18 ಅಥವಾ ಅದಕ್ಕಿಂತ ಕೆಳಗಿದ್ದರೆ ಎಚ್ಚರ.

ಅದೇ ಬರ್ಗ್‌ಸ್ಟ್ರಾಮ್ ಆಮೇಲೆ ಎರಡು ಗಂಟೆಯ ನಿಯಮವನ್ನೇ ಪರೀಕ್ಷೆಗೆ ಹಚ್ಚಿದರು. ಅಮೆರಿಕ ಮತ್ತು ಕೆನಡಾದ ನರ್ಸಿಂಗ್ ಹೋಮುಗಳಲ್ಲಿ ಒಂಬೈನೂರಕ್ಕೂ ಹೆಚ್ಚು ವೃದ್ಧರನ್ನು ಮೂರು ಗುಂಪು ಮಾಡಿ, ಎರಡು, ಮೂರು ಮತ್ತು ನಾಲ್ಕು ಗಂಟೆಗೊಮ್ಮೆ ಹೊರಳಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಹುಣ್ಣಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ಓದಿದ ಕೂಡಲೇ ಮೆಮೊ ಕರಡನ್ನು ಪಕ್ಕಕ್ಕಿಟ್ಟೆ. ಆಮೇಲೆ ಆ ಅಧ್ಯಯನದ ಷರತ್ತನ್ನು ಓದಿದೆ. ಅಲ್ಲಿ ಎಲ್ಲರೂ ಮಲಗಿದ್ದದ್ದು ಒತ್ತಡ ಹಂಚುವ ಒಳ್ಳೆಯ ದಪ್ಪ ಫೋಮ್ ಹಾಸಿಗೆಯ ಮೇಲೆ.

ನಮ್ಮಲ್ಲಿ ರೆಕ್ಸಿನ್ ಹೊದಿಸಿದ ನಾರಿನ ಹಾಸಿಗೆ. ಐಸಿಯುಗೆ ಏರ್ ಬೆಡ್‌ಗಳಿವೆ. ಜನರಲ್ ವಾರ್ಡಿನಲ್ಲಿ ಬೇಕಾದರೆ ಮನೆಯವರೇ ಹೊರಗಿನಿಂದ ಕೊಂಡು ತರುತ್ತಾರೆ.

ಪುರಾವೆಯನ್ನು ಹಿಂಬಾಲಿಸಿದರೆ ಅದು ನೈಟ್ ಡ್ಯೂಟಿಯ ಹುಡುಗಿಯ ಹತ್ತಿರ ನಿಲ್ಲಲಿಲ್ಲ. ಸ್ಟೋರ್ಸ್, ಪರ್ಚೇಸ್, ಫೈನಾನ್ಸ್ ಎಲ್ಲ ಸುತ್ತಿ ನನ್ನ ಮೇಜಿಗೇ ಬಂತು. ಹಾಸಿಗೆ ಬದಲಿಸದೆ ಹೊರಳಿಸುವ ಅಂತರ ಹೆಚ್ಚಿಸುವಂತಿಲ್ಲ. ಜನ ಹೆಚ್ಚಿಸದೆ ಎರಡು ಗಂಟೆಗೊಮ್ಮೆ ಹೊರಳಿಸಲು ಆಗುವುದಿಲ್ಲ. ಎರಡೂ ನರ್ಸಿನ ಕೈಯಲ್ಲಿಲ್ಲ. ಆಕೆಯ ಕೈಯಲ್ಲಿರುವುದು ಬೆಳಿಗ್ಗೆ ಆರಕ್ಕೆ ನಾಲ್ಕು ಸಲ ಗುಂಡಿ ಒತ್ತಿ ನನ್ನ ಚೌಕವನ್ನು ಹಸಿರು ಮಾಡುವುದೊಂದೇ, ಆಕೆ ಅದನ್ನು ನಿಷ್ಠೆಯಿಂದ ಮಾಡುತ್ತಿದ್ದಳು. ನನಗೆ ಬೇಕಾದದ್ದನ್ನು ಕೊಟ್ಟಿದ್ದಳು ಎಂದೇ ಹೇಳಬೇಕು.

ಜನರ ಲೆಕ್ಕ ನನಗೆ ತಿಳಿಯದ್ದಲ್ಲ. ಲಿಂಡಾ ಐಕನ್ ಮತ್ತು ತಂಡ 2002ರಲ್ಲಿ ಪ್ರಕಟಿಸಿದ ಪೆನ್ಸಿಲ್ವೇನಿಯಾದ ಅಧ್ಯಯನವನ್ನು ತರಗತಿಯಲ್ಲಿ ಎಷ್ಟೋ ಬ್ಯಾಚಿಗೆ ಪಾಠ ಮಾಡಿದ್ದೇನೆ. 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ಲೆಕ್ಕ ಅದು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನಗಳೊಳಗೆ ಸಾವಿನ ಸಂಭವ ಶೇಕಡಾ 7ರಷ್ಟು ಏರುತ್ತದೆ. ಪಾಠ ಮಾಡುವಾಗ ಧ್ವನಿ ಏರಿಸಿ ಹೇಳುತ್ತಿದ್ದ ಅಂಕಿಯನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ‘ಮೇಡಂ ಯೂನಿಯನ್ ಮಾತಾಡ್ತಾರೆ’ ಎಂದಾರು ಎಂಬ ಅಳುಕು. ಟ್ಯಾಬ್ಲೆಟ್ ಕೇಳಿದರೆ ಮಾತ್ರ ‘ಮೇಡಂ ಮುಂದಾಲೋಚನೆಯವರು’. ಹೆಚ್ಚುವರಿ ನರ್ಸುಗಳ ಸಂಬಳ ಪ್ರತಿ ತಿಂಗಳೂ ಬರುವ ಖರ್ಚು. ಸಾಫ್ಟ್‌ವೇರ್ ಒಂದು ಸಲದ್ದು, ಉದ್ಘಾಟನೆ ಇಟ್ಟುಕೊಳ್ಳಬಹುದು, ಫೋಟೋ ತೆಗೆಸಬಹುದು.

ಇಷ್ಟು ಹೇಳಿ ಆಸ್ಪತ್ರೆಯ ಬದಿಯನ್ನು ಮಾತ್ರ ಬೈದುಕೊಂಡರೆ ಅದೂ ಜಾಣತನವೇ. ರಸ್ತೆಯ ಆಚೆ ಬದಿಯಲ್ಲಿ ನಾನು ಮಾಡಿದ್ದೇನು?

ಎಂಎಸ್ಸಿ ನರ್ಸಿಂಗ್ ಪ್ರಬಂಧಗಳನ್ನು ನೋಡಿದವರಿಗೆ ಅವುಗಳ ಶೀರ್ಷಿಕೆಯ ಗತ್ತು ಗೊತ್ತಿರುತ್ತದೆ. ‘ಆಯ್ದ ಆಸ್ಪತ್ರೆಯ ಆಯ್ದ ನರ್ಸುಗಳಲ್ಲಿ ಇಂಥ ವಿಷಯದ ಬಗೆಗಿನ ಜ್ಞಾನದ ಮೇಲೆ ವ್ಯವಸ್ಥಿತ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವದ ಅಧ್ಯಯನ’. ಇಡ್ಲಿ ತಟ್ಟೆಯ ಕುಳಿಗೆ ಹಿಟ್ಟು ಹೊಯ್ದಂತೆ, ‘ಇಂಥ ವಿಷಯ’ದ ಜಾಗದಲ್ಲಿ ಬೆಡ್‌ಸೋರ್, ಕೈತೊಳೆಯುವುದು, ಬಯೋಮೆಡಿಕಲ್ ತ್ಯಾಜ್ಯ, ಏನನ್ನು ಹೊಯ್ದರೂ ಒಂದೇ ಆಕಾರದ್ದು ಬೇಯುತ್ತದೆ. ಮೊದಲು ಒಂದು ಪ್ರಶ್ನಾವಳಿ. ಆಮೇಲೆ ಮುಕ್ಕಾಲು ಗಂಟೆಯ ಪಾಠ. ವಾರದ ನಂತರ ಅದೇ ಪ್ರಶ್ನಾವಳಿ. ಅಂಕ ಏರಿರುತ್ತದೆ. ಏರದೆ ಇರುತ್ತದೆಯೇ? ಪಿ ಬೆಲೆ 0.05ಕ್ಕಿಂತ ಕಡಿಮೆ, ಬೋಧನೆ ಪರಿಣಾಮಕಾರಿ ಎಂದು ತೀರ್ಮಾನ, ಬಂಗಾರದ ಅಕ್ಷರದ ಬೈಂಡಿಂಗು, ಗ್ರಂಥಾಲಯದ ಗಾಜಿನ ಬೀರು. ಪಾಠ ಕೇಳಿದ ನರ್ಸುಗಳ ವಾರ್ಡಿನಲ್ಲಿ ಒಂದು ಹುಣ್ಣಾದರೂ ಕಡಿಮೆಯಾಯಿತೇ ಎಂದು ಎಣಿಸಲು ನಾನು ಯಾವ ವಿದ್ಯಾರ್ಥಿನಿಗೂ ಹೇಳಲಿಲ್ಲ. ಎಣಿಸಲು ಆರು ತಿಂಗಳು ಬೇಕು, ಕೋರ್ಸಿನ ವೇಳಾಪಟ್ಟಿಗೆ ಕೂರುವುದಿಲ್ಲ. ಹುಣ್ಣು ಕಡಿಮೆಯಾಗದಿದ್ದರೆ ಪರೀಕ್ಷಕರ ಮುಂದೆ ವಿವರಿಸುವ ಕಷ್ಟ ಬೇರೆ. ಗೈಡ್ ಎಂದು ನನ್ನ ಹೆಸರಿರುವ ಅಂಥ ಪ್ರಬಂಧಗಳು ಬೀರುವಿನಲ್ಲಿ ಒಂದು ಪೂರ್ತಿ ಸಾಲು ಹಿಡಿದಿವೆ.

ಪ್ರಾಯೋಗಿಕ ಪರೀಕ್ಷೆಯಂತೂ ಇನ್ನೂ ಮಜಾ. ತರಗತಿಯಲ್ಲಿ ‘ಕೆಂಪಾದ ಜಾಗವನ್ನು ತಿಕ್ಕಬಾರದು’ ಎಂದು ಹೇಳಿಕೊಟ್ಟು, ಪರೀಕ್ಷೆಯ ಹಿಂದಿನ ದಿನ ‘ಹೊರಗಿನ ಎಕ್ಸಾಮಿನರ್ ಹಳಬರು, ಟ್ರೇನಲ್ಲಿ ಸ್ಪಿರಿಟ್ಟು ಪೌಡರ್ರೂ ಇಟ್ಕೊಂಡಿರ್ರಮ್ಮ’ ಎಂದು ಎಚ್ಚರಿಸಿದ ಅಧ್ಯಾಪಕಿಯರ ಪೈಕಿ ನಾನೂ ಒಬ್ಬಳು. ಹುಡುಗಿಯರು ಎರಡನ್ನೂ ಕಲಿತುಕೊಂಡರು: ಸರಿಯಾದದ್ದು ಯಾವುದು, ಮಾರ್ಕು ಬರುವುದು ಯಾವುದು. ವಾರ್ಡಿಗೆ ಬಂದ ಮೇಲೆ ಅವರು ಎರಡನೆಯದನ್ನು ಉಪಯೋಗಿಸಿದರೆ ಅಚ್ಚರಿಪಡಲು ನನಗೆ ಹಕ್ಕಿಲ್ಲ.

ಇನ್ನು ಕಾಲೇಜು ಮತ್ತು ಆಸ್ಪತ್ರೆಯ ಸಹಭಾಗಿತ್ವ. ಕಡತದಲ್ಲಿ ಅದಕ್ಕೆ ಒಳ್ಳೊಳ್ಳೆಯ ಮಾತುಗಳಿವೆ. ನಡೆಯುವುದೇನೆಂದರೆ, ಕಾಲೇಜಿಗೆ ಕ್ಲಿನಿಕಲ್ ಪೋಸ್ಟಿಂಗಿನ ಗಂಟೆಗಳು ಬೇಕು, ಆಸ್ಪತ್ರೆಗೆ ಕೈಗಳು ಬೇಕು. ವಾರ್ಡಿನಲ್ಲಿ ಸಮವಸ್ತ್ರದ ವಿದ್ಯಾರ್ಥಿನಿಯರು ನಾಲ್ಕು ಜನ ಇದ್ದರೆ ಬಿಪಿ ನೋಡುವುದು, ಮಂಚ ಸಿದ್ಧ ಮಾಡುವುದು, ಲ್ಯಾಬಿಗೆ ಓಡುವುದು ಸಾಂಗವಾಗಿ ಆಗುತ್ತದೆ. ಪರೀಕ್ಷೆಗೆ ಓದಲು ಅವರಿಗೆ ರಜೆ ಕೊಟ್ಟ ವಾರ ನನ್ನ ಚೌಕಗಳು ಕೆಂಪಾಗುತ್ತವೆ. ಅಧ್ಯಾಪಕಿಯಾಗಿದ್ದಾಗ ‘ನಮ್ಮ ಮಕ್ಕಳನ್ನ ಆಯಾ ಕೆಲಸಕ್ಕೆ ಹಚ್ತಾರೆ’ ಎಂದು ದೂರುತ್ತಿದ್ದವಳೇ ಈಗ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ‘ಸ್ವಲ್ಪ ಮಕ್ಕಳನ್ನ ಕಳಿಸಿಕೊಡಿ’ ಎನ್ನುತ್ತೇನೆ. ವಿಶ್ವವಿದ್ಯಾಲಯದ ಹೆಲಿನೆಟ್ ಮೂಲಕ ಕಾಲೇಜಿನ ಗ್ರಂಥಾಲಯಕ್ಕೆ ದೇಶವಿದೇಶದ ಸಂಶೋಧನಾ ಪತ್ರಿಕೆಗಳು ಬರುತ್ತವೆ. ಅವು ರಸ್ತೆ ದಾಟಿ ವಾರ್ಡಿನ ನರ್ಸಿಗೆ ಸಿಗುವಂತೆ ಮಾಡುವುದು ನಾನು ಬರೆದ ಒಡಂಬಡಿಕೆಯ ಯಾವ ಕಲಮಿನಲ್ಲೂ ಇರಲಿಲ್ಲ. ಟ್ಯಾಬಿನಲ್ಲಿ ಆಕೆ ನಮಗೆ ಮಾಹಿತಿ ತುಂಬಬಹುದು. ಅದರಿಂದ ಆಕೆಗೆ ಓದಲು ಏನೂ ಬರುವುದಿಲ್ಲ. ಬೇಡವೆಂದು ಯಾರೂ ತೆಗೆದದ್ದಲ್ಲ. ಹೊಳೆಯಲೇ ಇಲ್ಲ.

ಆದರೂ ಓದುವವರು ಹೇಗೋ ಓದುತ್ತಾರೆ. ಸರ್ಜಿಕಲ್ ವಾರ್ಡಿನ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ, ಒಂದು ಲೇಖನದ ಪ್ರಿಂಟ್ ಹಿಡಿದು ಬಂದಳು. ನಮ್ಮ ನಿಯಮದಂತೆ 72 ಗಂಟೆಯಾದರೆ ವೆನ್‌ಫ್ಲಾನ್ ತೆಗೆದು ಬೇರೆ ಕಡೆ ಚುಚ್ಚಬೇಕು, ನರ ಸರಿಯಿದ್ದರೂ. “ಮೇಡಂ, ಆಸ್ಟ್ರೇಲಿಯಾದಲ್ಲಿ ಮಾಡಿದ್ದಾರೆ, 2012ರ ಲ್ಯಾನ್ಸೆಟ್. ಮೂರು ಸಾವಿರದ ಮೇಲೆ ರೋಗಿಗಳು. ಮೂರು ದಿನಕ್ಕೊಮ್ಮೆ ಬದಲಾಯಿಸಿದ್ರೂ, ಬೇಕಾದಾಗ ಮಾತ್ರ ಬದಲಾಯಿಸಿದ್ರೂ ನರ ಊದಿಕೊಂಡಿದ್ದು ಎರಡೂ ಕಡೆ 7 ಪರ್ಸೆಂಟೇ. ಸುಮ್ಮನೆ ಯಾಕೆ ಚುಚ್ಚೋದು?” ಕ್ಲೇರ್ ರಿಕರ್ಡ್ ಎಂಬ ನರ್ಸ್ ಸಂಶೋಧಕಿ ಕ್ವೀನ್ಸ್‌ಲ್ಯಾಂಡಿನಲ್ಲಿ ನಡೆಸಿದ ಅಧ್ಯಯನ ಅದು. ನಾನು ಓದಿರಲಿಲ್ಲ.

ಓದಿಲ್ಲ ಎನ್ನಲಿಲ್ಲ. “ನೋಡೋಣಮ್ಮ, ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿಗೆ ಹಾಕ್ತೀನಿ” ಎಂದೆ. ಆಕೆ ಹೋದ ಮೇಲೆ ಅವಳು ತಪ್ಪಿರಲಿ ಎಂಬ ಆಸೆಯಿಂದ ಹುಡುಕತೊಡಗಿದೆ. ಇದನ್ನು ಬರೆಯಲು ಮುಜುಗರವಾಗುತ್ತದೆ, ಆದರೆ ಆಸೆ ಅದೇ ಆಗಿತ್ತು. ಇಪ್ಪತ್ತೈದರ ಹುಡುಗಿಯೊಬ್ಬಳು, ಅದೂ ನಮ್ಮ ಕಾಲೇಜಿನವಳಲ್ಲ, ನನ್ನ ಸಹಿಯಿರುವ ನಿಯಮವನ್ನು ಸುಮ್ಮನೆ ಚುಚ್ಚುವುದು ಎಂದಿದ್ದಳು. ಹುಡುಕಿದ್ದಕ್ಕೆ ಫಲವೂ ಸಿಕ್ಕಿತು. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಗಳು ಇದೇ ಬದಲಾವಣೆ ಮಾಡಿಕೊಂಡಾಗ ಕ್ಯಾನುಲಾದಿಂದ ರಕ್ತಕ್ಕೆ ಸೋಂಕು ತಗಲುವ ಪ್ರಕರಣಗಳು ಏರಿದ್ದವು. ಹಳೆಯ ನಿಯಮಕ್ಕೆ ಮರಳಿದಾಗ ಇಳಿದವು. 2021ರಲ್ಲಿ ಪ್ರಕಟವಾಗಿದೆ. ಗೆದ್ದೆ ಎನಿಸಿತು.

ಅವಳನ್ನು ಕರೆದು ತೋರಿಸಿದೆ. ಅವಳು ಅಲ್ಲೇ ನಿಂತು ಓದಿ, ಸ್ವಲ್ಪ ಯೋಚಿಸಿ, “ಹಾಗಾದ್ರೆ ಮೇಡಂ, ಗಂಟೆ ಲೆಕ್ಕ ಬಿಟ್ರೆ ಪ್ರತಿ ಶಿಫ್ಟಲ್ಲೂ ಒಬ್ಬರು ಪ್ರತಿ ಕ್ಯಾನುಲಾನೂ ಬ್ಯಾಂಡೇಜ್ ಸರಿಸಿ ನೋಡಬೇಕು. ನಮ್ಮಲ್ಲಿ ಅಷ್ಟು ಜನ ಇದ್ದೀವಾ?” ಎಂದಳು. ವಾದ ಗೆಲ್ಲುವ ಉದ್ದೇಶ ಅವಳಿಗೆ ಇರಲೇ ಇಲ್ಲ. ಎರಡು ಅಧ್ಯಯನಗಳನ್ನೂ ಪಕ್ಕಪಕ್ಕ ಇಟ್ಟು, ನಮ್ಮ ವಾರ್ಡಿಗೆ ಯಾವುದು ಹೊಂದುತ್ತದೆ ಎಂದು ಅಳೆಯುತ್ತಿದ್ದಳು. ನಾನು ತರಗತಿಗಳಲ್ಲಿ ಬೋರ್ಡಿನ ಮೇಲೆ ಬರೆದದ್ದು ಇದನ್ನೇ. ಕಣ್ಣೆದುರು ನಡೆಯುತ್ತಿರುವಾಗ ಗುರುತು ಹಿಡಿಯಲು ನನಗೆ ಹೊತ್ತು ಹಿಡಿಯಿತು, ಯಾಕೆಂದರೆ ಅದು ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಅವಳ ಪ್ರಶ್ನೆ ಕೂಡ ಹಾಸಿಗೆಯ ಹಾಗೆಯೇ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಕೂತಿತು.

ಪಟ್ಟಿ, ಚೆಕ್‌ಲಿಸ್ಟು, ಟ್ಯಾಬು ಇವೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಮೊದಮೊದಲು ಪ್ರಯೋಗಿಸಿ ನೋಡಿದ ಜಾಗಗಳಲ್ಲಿ ನಮ್ಮ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರವೂ ಇದೆ. ಕೈ ತೊಳೆಯುವುದರಿಂದ ಹಿಡಿದು ಮಗುವಿಗೆ ಮೊದಲ ಗಂಟೆಯಲ್ಲಿ ಹಾಲೂಡಿಸುವವರೆಗೆ 29 ಅಗತ್ಯ ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25. 2012ರಲ್ಲಿ ಇದು ಪ್ರಕಟವಾದಾಗ ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಮುಂದೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಹಿಡಿದು ದೊಡ್ಡ ಪ್ರಯೋಗ ನಡೆಯಿತು. ಪಟ್ಟಿಯ ಜೊತೆಗೆ ಅಲ್ಲಿ ತರಬೇತಿ ಪಡೆದ ನರ್ಸ್‌ಗಳೇ ಕೋಚ್‌ಗಳಾಗಿ ಬಂದು ಪಕ್ಕದಲ್ಲಿ ನಿಂತು ನೋಡಿ, ತಿದ್ದಿ, ಏನು ಅಡ್ಡಿ ಎಂದು ಕೇಳುತ್ತಿದ್ದರು. ಎರಡು ತಿಂಗಳಿಗೆ ಅಗತ್ಯ ಕೆಲಸಗಳ ಪಾಲನೆ ಶೇಕಡಾ 73 ಮುಟ್ಟಿತು, ಕೋಚ್ ಇಲ್ಲದ ಕೇಂದ್ರಗಳಲ್ಲಿ 42. ಕೋಚ್‌ಗಳು ಬರುವುದು ನಿಂತ ಮೇಲೆ, ವರ್ಷದ ಹೊತ್ತಿಗೆ 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಮಾತ್ರ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಆ ತಂಡ ಇದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು.

ಈ ಎರಡನೆಯ ಫಲಿತಾಂಶವನ್ನು ನಾನು ತರಗತಿಯಲ್ಲಿ ಹೇಳಿದ ನೆನಪಿಲ್ಲ. ಪಟ್ಟಿಯನ್ನು ಮಾತ್ರ ಕಂಪ್ಯೂಟರಿಗೆ ಹಾಕಿಸಿದೆ. ಪಕ್ಕದಲ್ಲಿ ನಿಂತು ‘ಏನಮ್ಮ, ಏನು ಅಡ್ಡಿ?’ ಎಂದು ಕೇಳುವವಳ ಸ್ಥಾನಕ್ಕೆ ಚೌಕದ ಬಣ್ಣ ಬಂತು. ಯಂತ್ರಕ್ಕೆ ಸಂಬಳವಿಲ್ಲ, ಬೇಸರವಿಲ್ಲ, ನೈಟ್ ಡ್ಯೂಟಿಯ ಭತ್ಯೆ ಕೊಡಬೇಕಿಲ್ಲ.

ಪಕ್ಕದಲ್ಲಿ ನಿಲ್ಲುವ ಕೆಲಸ ಯಾರದ್ದು? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೆ ಹಳೆಯ ಉತ್ತರವಿದೆ. ದೇಶದಲ್ಲಿ ಬಿಎಸ್ಸಿ ನರ್ಸಿಂಗ್ ಮೊದಲು ಶುರುವಾದ ಜಾಗಗಳಲ್ಲೊಂದು ಅದು, 1946ರಲ್ಲಿ. ಅಲ್ಲಿ ಪಾಠ ಹೇಳುವವರಿಗೆ ವಾರ್ಡಿನ ಹೊಣೆಯೂ ಇರುತ್ತದೆ. ಬೋಧನೆ ಮತ್ತು ಸೇವೆ ಒಂದೇ ಮನೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 1996ರಲ್ಲಿ ನರ್ಸ್ ಪ್ರೊಫೆಸರ್ ಅಲನ್ ಪಿಯರ್ಸನ್ ಶುರುಮಾಡಿದ, ಈಗ ಜಗತ್ತಿಗೆಲ್ಲ ಶುಶ್ರೂಷೆಯ ಸಾಕ್ಷ್ಯವನ್ನು ಸೋಸಿ ಕೊಡುವ ಸಂಸ್ಥೆಯೂ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯ ಒಂದಾದಾಗ ಹುಟ್ಟಿದ್ದು. ಅದಕ್ಕೆ ರಾಯಲ್ ಅಡಿಲೇಡ್ ಆಸ್ಪತ್ರೆಯ ಮೊದಲ ಮೇಟ್ರನ್ ಜೊವಾನಾ ಬ್ರಿಗ್ಸ್ ಹೆಸರಿಟ್ಟರು. ಪ್ರೊಫೆಸರ್ ಹೆಸರಲ್ಲ, ಮೇಟ್ರನ್ ಹೆಸರು. ಈ ಚಿಕ್ಕ ವಿವರ ನನಗೆ ಯಾಕೆ ಚುಚ್ಚುತ್ತದೆ ಎಂದು ಹೇಳಲೇಬೇಕು.

ಬೀಳ್ಕೊಡುಗೆ, ಪದವಿ ಪ್ರದಾನದಂಥ ಸಮಾರಂಭಗಳಲ್ಲಿ ನಾನು ಜ್ಞಾನದ ಹಸಿವಿನಿಂದ ಎಂಎಸ್ಸಿ ಮಾಡಿದೆ ಎನ್ನುತ್ತೇನೆ. ಹಸಿವು ಸುಳ್ಳಲ್ಲ. ಆದರೆ ಮಗಳು ಚಿಕ್ಕವಳಿದ್ದಳು, ನೈಟ್ ಡ್ಯೂಟಿ ಮುಗಿಸಿ ಬಂದು ಅಡುಗೆಗೆ ನಿಲ್ಲುವುದು ಸಾಕಾಗಿತ್ತು, ರೋಗಿಯ ಕಡೆಯವರಿಂದ ‘ಏಯ್ ಸಿಸ್ಟರ್’ ಎಂದು ಕರೆಸಿಕೊಳ್ಳುವುದೂ ಸಾಕಾಗಿತ್ತು. ಕಾಲೇಜಿಗೆ ಹೋದರೆ ಒಂಬತ್ತರಿಂದ ನಾಲ್ಕು, ಭಾನುವಾರ ರಜೆ, ಸೀರೆ, ಎದುರಿಗೆ ಎದ್ದು ನಿಲ್ಲುವ ಹುಡುಗಿಯರು. ನಮ್ಮಲ್ಲಿ ನರ್ಸಿಂಗ್ ಕೆಲಸದಲ್ಲಿ ಮೇಲೇರುವುದೆಂದರೆ ರೋಗಿಯ ಮಂಚದಿಂದ ದೂರ ಹೋಗುವುದು. ನಾನೂ ಹೋದೆ, ಹೋಗಿ ಎಷ್ಟೋ ವರ್ಷ ಅಲ್ಲಿಂದಲೇ ಮಂಚದ ಬಗ್ಗೆ ಪಾಠ ಮಾಡಿದೆ. ಈ ಕುರ್ಚಿಗೆ ಬಂದಾಗ ಮಂಚದ ಹತ್ತಿರ ಮರಳಿದೆ ಎಂದುಕೊಂಡಿದ್ದೆ. ಪರದೆ ಆ ದೂರವನ್ನು ಹಾಗೇ ಉಳಿಸಿಕೊಟ್ಟಿತು. ನನಗೆ ಅದು ಇಷ್ಟವಾದದ್ದಕ್ಕೆ ತಂತ್ರಜ್ಞಾನದ ಮೇಲಿನ ಪ್ರೀತಿಗಿಂತ ಇದೇ ಹೆಚ್ಚು ಕಾರಣ ಎಂದು ಈಗ ಅನಿಸುತ್ತದೆ.

ಈ ವರ್ಷದ ಬಜೆಟ್ ಸಭೆಗೆ ಮೂರು ಪ್ರಸ್ತಾವ ಹಾಕಿದ್ದೆ. ಇನ್ನಷ್ಟು ಟ್ಯಾಬ್ಲೆಟ್‌ಗಳು. ಎರಡು ಮೆಡಿಕಲ್ ವಾರ್ಡುಗಳಿಗೆ ಫೋಮ್ ಹಾಸಿಗೆ. ಮೂರನೆಯದು ಬಿಡುವಿನದು: ಪ್ರತಿ ವಾರ್ಡಿನಿಂದ ಒಬ್ಬ ನರ್ಸಿಗೆ ವಾರಕ್ಕೆ ಅರ್ಧ ದಿನ ಓದಲು ಡ್ಯೂಟಿಯಲ್ಲೇ ಸಮಯ, ಹೆಲಿನೆಟ್ ಲಾಗಿನ್, ಮತ್ತು ಕಾಲೇಜಿನ ಒಬ್ಬೊಬ್ಬ ಅಧ್ಯಾಪಕಿಗೆ ಒಂದೊಂದು ವಾರ್ಡಿನ ಹೊಣೆ, ರಾತ್ರಿ ಪಾಳಿಯೂ ಸೇರಿ. ಟ್ಯಾಬ್ಲೆಟ್ ಪ್ರಸ್ತಾವವನ್ನು ಮೊದಲು ಇಟ್ಟದ್ದು ಅದು ಪಾಸಾಗುತ್ತದೆಂದು ಗೊತ್ತಿದ್ದರಿಂದ. ಪಾಸಾಯಿತು, ಚಹಾ ಬರುವ ಮೊದಲೇ. ಹಾಸಿಗೆಗೆ ‘ಒಂದು ವಾರ್ಡಿಗೆ ಮಾಡಿ ನೋಡೋಣ’ ಎಂದರು. ಆಗ ಐಕನ್ ಅವರ ಶೇಕಡಾ 7ರ ಲೆಕ್ಕವನ್ನೂ ಬಾಯಿಬಿಟ್ಟು ಹೇಳಿದೆ. ಫೈನಾನ್ಸ್‌ನವರು ಬರೆದುಕೊಂಡರು, ಏನೂ ಹೇಳಲಿಲ್ಲ.

ಮೂರನೆಯದಕ್ಕೆ ಕಾಲೇಜಿನ ಪ್ರಿನ್ಸಿಪಾಲರು, ನನಗಿಂತ ಕಿರಿಯರು, ನನ್ನ ಹಳೆಯ ವಿದ್ಯಾರ್ಥಿನಿ, ತಗ್ಗಿದ ದನಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. “ನೈಟ್ ಡ್ಯೂಟೀನೂನಾ ಮೇಡಂ?”

ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ರಾತ್ರಿ ಪಾಳಿಯನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ತೆಗೆದುಕೊಂಡೆ. ಪ್ರಸ್ತಾವ ಬಿದ್ದುಹೋಗಬಾರದೆಂದು ಬಿಟ್ಟೆನೋ, ಸೀರೆಯುಟ್ಟು ನಾಲ್ಕಕ್ಕೆ ಮನೆಗೆ ಹೋಗುತ್ತಿದ್ದ ಹಳೆಯ ನನ್ನ ಪರವಾಗಿ ಬಿಟ್ಟೆನೋ, ಎರಡೂ ಇರಬಹುದು. ಹುಣ್ಣಾಗುವುದು ಹೆಚ್ಚಾಗಿ ರಾತ್ರಿಯ ಹೊತ್ತಿನ ನಿರ್ಲಕ್ಷ್ಯದಿಂದ ಎಂದು ಅಲ್ಲಿದ್ದ ಸರ್ಜನ್ ಒಬ್ಬರು ಹೇಳಿದಾಗ ‘ನಿರ್ಲಕ್ಷ್ಯ ಅಲ್ಲ ಸಾರ್, ಇಬ್ಬರೇ ಇರ್ತಾರೆ’ ಎಂದೆ. ಇನ್‌ಚಾರ್ಜ್ ಸಿಸ್ಟರ್ ನನಗೆ ಹೇಳಿದ್ದ ಮಾತನ್ನೇ ನಾನು ಹೇಳುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು.

ಹಾಸಿಗೆಗೆ ಮೂರು ಕೊಟೇಶನ್ ಬಂದಿವೆ. ಅಗ್ಗದ್ದರಲ್ಲಿ ಫೋಮಿನ ಸಾಂದ್ರತೆಯನ್ನೇ ನಮೂದಿಸಿಲ್ಲ, ಪರ್ಚೇಸ್‌ನವರು ಅದನ್ನೇ ಶಿಫಾರಸು ಮಾಡಿದ್ದಾರೆ. ವೆನ್‌ಫ್ಲಾನಿನ ಲೇಖನ ತಂದಿದ್ದ ಹುಡುಗಿಯನ್ನು ಹೋಲಿಕೆ ಪಟ್ಟಿ ತಯಾರಿಸಲು ಕರೆದಿದ್ದೇನೆ. ನಾಳೆ ಅವಳದ್ದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಬಾ ಎಂದೆ. “ಡ್ಯೂಟಿ ಟೈಮಲ್ಲೇ ಬರಲಾ ಮೇಡಂ, ಬಿಡುವಿನಲ್ಲಾ?” ಎಂದು ಕೇಳಿದಳು. ಡ್ಯೂಟಿಯಲ್ಲೇ ಬಾ ಎಂದು ರೋಸ್ಟರ್ ತಿದ್ದಿದೆ. ಅವಳ ವಾರ್ಡಿಗೆ ಆ ಹೊತ್ತಿಗೆ ಯಾರನ್ನು ಹಾಕುವುದೆಂದು ಇನ್ನೂ ಗೊತ್ತಾಗಿಲ್ಲ.